ಕಾಕುವಿನ ಶಾಲೆಗೆ ರಜೆಯಿಲ್ಲ

ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಒಂದು ಹೈಸ್ಕೂಲು ನಡೆಸುತ್ತಿದ್ದಳು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಶಿಕ್ಷಣ ಇಲಾಖೆಯೂ ನಂಬುತ್ತಿರಲಿಲ್ಲ. ಶಾಲೆಯ ಕಟ್ಟಡವೆಂದರೆ ಬಸವಕಲ್ಯಾಣದ ನಮ್ಮ ಮನೆಯ ಪಡಸಾಲೆಯ ಪಕ್ಕದ ಒಂದು ಕೋಣೆ. ಅದರಲ್ಲಿಯೂ ಅರ್ಧ ಜಾಗ ಜೋಳದ ಚೀಲಗಳದು. ಹೆಡ್‌ಮಾಸ್ತರ್, ಸಕಲ ವಿಷಯಗಳ ಶಿಕ್ಷಕ, ಗಂಟೆ ಹೊಡೆಯುವ ಜವಾನ ಎಲ್ಲವೂ ಕಾಕುವೇ. ವಿದ್ಯಾರ್ಥಿಗಳೆಂದರೆ ಅವಳ ಮಗಳು ಮಹಾನಂದಾ. ಅವಳೊಬ್ಬಳೇ. ಇನ್ನು ಹೆಡ್‌ಮಾಸ್ತರರ ವಿದ್ಯಾರ್ಹತೆ? ಏಳನೇ ಇಯತ್ತೆ ಪಾಸು!

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು, ಮಹಾನಂದಾ ಒಂದೇ ವರ್ಷ ಏಳನೇ ಪಾಸಾಗಿದ್ದೆವು. ನನ್ನನ್ನು ಯಾರೂ ಒಂದು ಮಾತು ಕೇಳದೆ ಹೈಸ್ಕೂಲಿಗೆ ಹಾಕಿದರು. ಅವಳ ವಿಷಯಕ್ಕೆ ಮಾತ್ರ ಮನೆಯಲ್ಲಿ ಸಭೆ ಸೇರಿತು. ಸಭೆ ಎಂದರೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಪಡಸಾಲೆಯ ಹೊರಸಿನ ಮೇಲೆ ಕೂತು ಮಾತಾಡುವುದು, ಉಳಿದವರು ನಿಂತು ಕೇಳುವುದು.

"ಏಳನೇ ಮುಗೀತು, ಸಾಕು. ಇನ್ ಹೊರಗಿನ ಸಾಲಿ ಬ್ಯಾಡ," ಎಂದಳು ಆಯಿ.

ಅಪ್ಪ ತಲೆಯಾಡಿಸಿದ. ಅಪ್ಪನ ತಮ್ಮ, ಬಟ್ಟೆ ಅಂಗಡಿಯ ನಮ್ಮ ಕಾಕಾ, ಮಹಾನಂದಾಳ ಸ್ವಂತ ತಂದೆ, ಅವನೂ ತಲೆಯಾಡಿಸಿದ. ನಮ್ಮ ಮನೆಯ ಗಂಡಸರ ಕುತ್ತಿಗೆಗಳು ಈ ಕೆಲಸದಲ್ಲಿ ಬಲು ಪಳಗಿದವು. ಕಾಕು ಜಗಳ ತೆಗೆಯುತ್ತಾಳೆಂದು ನಾವು ಮಕ್ಕಳು ಒಳ್ಳೆಯ ಜಾಗ ಹಿಡಿದು ಕೂತಿದ್ದೆವು. ಅವಳು ಸೆರಗು ಸರಿಮಾಡಿಕೊಂಡು, "ಆತ್ರಿ ಅತ್ತಿ, ಹೊರಗಿನ ಸಾಲಿ ಬ್ಯಾಡ," ಎಂದು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ನಮಗೆಲ್ಲ ಭಾರೀ ನಿರಾಸೆಯಾಯಿತು.

ಸೋಮವಾರ ಬೆಳಿಗ್ಗೆ ಮನೆಯೊಳಗೇ ಢಣಢಣ ಸದ್ದಾಯಿತು. ಆಯಿ ಹೊರಸಿನ ಮೇಲಿಂದ ಜಿಗಿದೆದ್ದಳು. ನೋಡಿದರೆ, ಪಡಸಾಲೆಯ ತೊಲೆಗೆ ಹಗ್ಗ ಕಟ್ಟಿ, ಸುಟ್ಟುಹೋದ ಮೋಟಾರೊಂದರ ಕಬ್ಬಿಣದ ಮುಚ್ಚಳವನ್ನು ತೂಗುಬಿಟ್ಟಿದ್ದಾಳೆ ಕಾಕು! ನಟ್ಟು ಬಿಚ್ಚುವ ಪಾನಾ ಹಿಡಿದು ಅದಕ್ಕೆ ಬಾರಿಸುತ್ತಿದ್ದಾಳೆ.

"ಇದೇನ ಹಚ್ಚೀದಿ ಮನ್ಯಾಗ?" ಆಯಿ ಕೇಳಿದಳು.

"ಸಾಲಿ ರೀ. ಹೊರಗಿಂದು ಬ್ಯಾಡ ಅಂದ್ರಿ. ಇದು ಒಳಗಿಂದು."

ಆಯಿಯ ಮಾತನ್ನು ಇಷ್ಟು ಅಕ್ಷರಶಃ ಪಾಲಿಸಿದ ಸೊಸೆ ಆ ಮನೆಗೆ ಅದುವರೆಗೆ ಬಂದಿರಲಿಲ್ಲ. ಗಂಟೆ ಬಾರಿಸಿದಾಗಲೆಲ್ಲ ಸೆರಗಿನಿಂದ ಕಿವಿ ಮುಚ್ಚಿಕೊಳ್ಳುವುದೊಂದೇ ಅವಳಿಗೆ ಉಳಿದ ದಾರಿಯಾಯಿತು.

ಮೋಟಾರಿನ ಮುಚ್ಚಳ ಎಲ್ಲಿಂದ ಬಂತು ಎಂದರೆ, ಕಾಕುವಿನ ತವರು ಹುಮನಾಬಾದ್. ಅಲ್ಲಿ ಹೆದ್ದಾರಿಯ ಮೇಲೆ ಅವಳ ತಂದೆ ಇಟ್ಟಿದ್ದ ವೈಂಡಿಂಗ್ ಅಂಗಡಿಯನ್ನು ಈಗ ಅವಳ ಅಣ್ಣ ನಡೆಸುತ್ತಿದ್ದ. ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಜೀವ ಕೊಡುವ ಕೆಲಸ. ಕಾಕು ಸಣ್ಣವಳಿದ್ದಾಗ ಆ ಅಂಗಡಿಯಲ್ಲೇ ಕೂತು ತಂತಿ ಸುತ್ತಿದವಳು. ಏಳನೇ ಮುಗಿಯಿತು, ಶಾಲೆ ಬಿಡಿಸಿದರು. ಅಂಗಡಿಯೂ ಬೇಡ ಎಂದರು. ಮದುವೆ ಮಾಡಿ ನಮ್ಮ ಮನೆಗೆ ಕಳಿಸಿದರು. ಈ ಕತೆಯನ್ನು ಅವಳು ಎಂದೂ ಹೇಳಿದವಳಲ್ಲ. ಆದರೆ ಬಸ್ಸು ಹುಮನಾಬಾದಿನಲ್ಲಿ ಆ ಅಂಗಡಿಯ ಮುಂದೆ ಹಾಯುವಾಗ, ಕುತ್ತಿಗೆ ಉಳುಕುವಷ್ಟು ಹಿಂದೆ ತಿರುಗಿ ನೋಡುತ್ತಿದ್ದಳು.

ಅದಿರಲಿ, ಶಾಲೆಯ ಶಿಸ್ತಿನ ಮಾತಿಗೆ ಬರೋಣ. ಕಾಕಾನ ಅಂಗಡಿಯಿಂದ ನೀಲಿ-ಬಿಳಿ ಬಟ್ಟೆ ತರಿಸಿ ಮಹಾನಂದಾಳಿಗೆ ಸಮವಸ್ತ್ರ ಹೊಲಿಸಿದ್ದಾಯಿತು. ದಿನಾ ಬೆಳಿಗ್ಗೆ ಪ್ರಾರ್ಥನೆ. ಆಮೇಲೆ ಹಾಜರಿ. ಎದುರಿಗೆ ಒಬ್ಬಳೇ ಕೂತಿದ್ದರೂ ಕಾಕು ಕೋಣೆಯ ತುಂಬ ಕಣ್ಣಾಡಿಸಿ "ಮಹಾನಂದಾ" ಎಂದು ಕೂಗುವಳು. "ಹಾಜರ್ ರೀ" ಎಂದು ಉತ್ತರ ಬರಬೇಕು. ಒಮ್ಮೆ ಸ್ನಾನ ತಡವಾಗಿ ಮಹಾನಂದಾ ಗಂಟೆಯಾದ ಮೇಲೆ ಬಂದಳು. ಬಚ್ಚಲಿನಿಂದ ಶಾಲೆಗೆ ಹತ್ತು ಹೆಜ್ಜೆಯೂ ಇರಲಿಲ್ಲ. ಆದರೂ ಕಾಕು ಅವಳನ್ನು ಒಂದು ಪೀರಿಯಡ್ಡು ಪೂರ್ತಿ ಬಾಗಿಲ ಹೊರಗೆ ನಿಲ್ಲಿಸಿದಳು. ತಲೆಯಿಂದ ನೀರು ಸೋರುತ್ತಾ ನಿಂತ ಅವಳನ್ನು ನೋಡಿ ನಕ್ಕ ನನ್ನನ್ನೂ ಅವಳ ಪಕ್ಕಕ್ಕೆ ನಿಲ್ಲಿಸಿದಳು. ನಾನು ಆ ಶಾಲೆಯವನೇ ಅಲ್ಲ ಎಂದರೂ ಕೇಳಲಿಲ್ಲ.

ಗಂಟೆಯನ್ನಂತೂ ಅವಳ ಹೊರತು ಯಾರೂ ಮುಟ್ಟುವಂತಿರಲಿಲ್ಲ. ನಾನೊಮ್ಮೆ ಸುಮ್ಮನೆ ತಮಾಷೆಗೆ ಬಾರಿಸಿದ್ದಕ್ಕೆ ಪಾನಾದ ರುಚಿ ನನ್ನ ಬೆರಳಿಗೂ ತಿಳಿಯಿತು.

ಪಾಲಕರ ಸಭೆಯೂ ನಡೆಯುತ್ತಿತ್ತು ಅಂದರೆ ನಗುತ್ತೀರಿ. ಕಾಕಾನಿಗೆ ಮಗಳ ಕೈಯಲ್ಲೇ ಕರೆ ಹೋಗುತ್ತಿತ್ತು. ಅವನು ಪಾಪ, ಅಂಗಡಿ ಮುಚ್ಚಿ ಬಂದು ಜೋಳದ ಚೀಲದ ಮೇಲೆ ಕೂಡುತ್ತಿದ್ದ.

"ನಿಮ್ಮ ಹುಡುಗಿ ಬೀಜಗಣಿತದಾಗ ಹಿಂದ ಅದಾಳ್ರಿ. ಮನ್ಯಾಗ ಓದಸೂದಿಲ್ಲೇನು ನೀವು?"

"ಮನ್ಯಾಗ ನೀನೇ ಅದೀಯಲ್ಲ? ಅಕಿ ಅವ್ವ ಯಾರ ಮತ್ತ?"

"ಅವರವ್ವ ಅಡಗಿ ಕೆಲಸದಾಗ ಅದಾಳ್ರಿ. ಅಕಿಗಿ ಪುರಸತ್ತಿಲ್ಲ. ನಾ ಹೆಡ್‌ಮಾಸ್ತರ್ ಮಾತಾಡಾಕತ್ತೀನಿ."

ಕಾಕಾ ತಲೆಯಾಡಿಸಿದ. ಆ ಕುತ್ತಿಗೆಯಿಂದ ಕಾಕುವಿಗೆ ಉಪಯೋಗವಾದದ್ದು ಬಹುಶಃ ಅದೇ ಮೊದಲು.

ಬೀಜಗಣಿತದಲ್ಲಿ ಹಿಂದಿದ್ದದ್ದು ಅಸಲಿಗೆ ಹೆಡ್‌ಮಾಸ್ತರರೇ. ಎಂಟನೇ ಪುಸ್ತಕದ ಮುಖವನ್ನೇ ನೋಡದವಳು ಎಂಟನೆಯದನ್ನು ಕಲಿಸುವುದು ಹೇಗೆ? ನಾಳೆಯ ಪಾಠವನ್ನು ಇವತ್ತು ತಾನು ಕಲಿತು! ಹಿಟ್ಟಿನ ಡಬ್ಬಿಗೆ ನನ್ನದೇ ಪುಸ್ತಕ ಒರಗಿಸಿಕೊಂಡು, ರೊಟ್ಟಿ ಬಡಿಯುವ ಹಲಗೆಯ ಹಿಟ್ಟಿನ ಮೇಲೆ ಬೆರಳಿನಿಂದ ಲೆಕ್ಕ ಮಾಡುತ್ತಿದ್ದಳು. ತಪ್ಪಿದರೆ ಅದರ ಮೇಲೇ ರೊಟ್ಟಿ ಬಡಿಯುವುದು. ಆ ವರ್ಷ ನಾವೆಲ್ಲ ತಿಂದ ರೊಟ್ಟಿಗಳಲ್ಲಿ ತಪ್ಪು ಲೆಕ್ಕ ಎಷ್ಟಿತ್ತೋ ದೇವರಿಗೇ ಗೊತ್ತು. ನಮ್ಮ ಅವ್ವ ಮಾತ್ರ ಎರಡೂ ಒಲೆ ತಾನೇ ನೋಡಿಕೊಳ್ಳುತ್ತಾ, "ನೀ ಓದ್ಕೋ, ಪಲ್ಯಾ ನಾ ಮಾಡ್ತೀನಿ," ಎನ್ನುತ್ತಿದ್ದಳು.

ಶಾಲೆಯ ಗ್ಯಾದರಿಂಗೂ, ಅಂದರೆ ವಾರ್ಷಿಕೋತ್ಸವವೂ, ಆಯಿತು. ಅಂಗಳದಲ್ಲಿ ಓಟದ ಸ್ಪರ್ಧೆ. ಓಡಿದವಳು ಮಹಾನಂದಾ ಒಬ್ಬಳೇ. ಕಾಕು ಗಂಭೀರವಾಗಿ ಅವಳಿಗೆ ಎರಡನೇ ಬಹುಮಾನ ಕೊಟ್ಟಳು.

"ಮೊದಲನೇದು ಯಾರಿಗಿ ಕಾಕು?" ಎಂದು ನಾನು ಕೇಳಿದೆ.

"ಯಾರಿಗೂ ಇಲ್ಲ. ಇನ್ನೂ ಜೋರ ಓಡಬಹುದಿತ್ತು."

ಎಲ್ಲಕ್ಕಿಂತ ದೊಡ್ಡ ಹುಚ್ಚೆಂದರೆ ರಜೆ. ಆ ಶಾಲೆಗೆ ರಜೆ ಎಂಬುದೇ ಇರಲಿಲ್ಲ. ಮೇ ತಿಂಗಳಿಲ್ಲ, ದಸರೆಯಿಲ್ಲ. ಯಾವನೋ ದೊಡ್ಡ ಮನುಷ್ಯ ತೀರಿಕೊಂಡು ಊರಿನ ಶಾಲೆಗಳೆಲ್ಲ ಬಾಗಿಲು ಹಾಕಿದ ದಿನ ನಾನು ಗೋಲಿ ಹಿಡಿದು ಮನೆಗೆ ಓಡಿ ಬಂದರೆ, ಒಳಗೆ ಗಣಿತ ನಡೆಯುತ್ತಿದೆ. "ಸತ್ತವರಿಗಿ ದುಃಖ ಮಾಡೂದು ಲೆಕ್ಕಾ ಮಾಡಕೋತನೂ ಆಗ್ತದ," ಎಂದಳು ಕಾಕು. ದುಬಲಗುಂಡಿಯ ಬೀಗರ ಮನೆಯ ಮದುವೆಗೆ ಹೋಗಲೇಬೇಕಾಗಿ ಬಂದಾಗ, ಅದನ್ನು ಶೈಕ್ಷಣಿಕ ಪ್ರವಾಸವೆಂದು ಸಾರಿ ಮಗಳಿಗೆ ಸಮವಸ್ತ್ರ ತೊಡಿಸಿಯೇ ಬಸ್ಸು ಹತ್ತಿಸಿದಳು. ಬಸ್ಸಿನಲ್ಲಿ ಇತಿಹಾಸದ ಪಾಠ. ಪಾಣಿಪತ್ ಯುದ್ಧ ಬಿಸಿ ಏರಿ, ಮುಂದಿನ ಸೀಟಿನ ಇಬ್ಬರು ರೈತರು ಹಿಂದಕ್ಕೆ ತಿರುಗಿ ಕೂತು ಕೇಳತೊಡಗಿದರು. ಕಂಡಕ್ಟರ್ ಬಂದು, "ಬಾಯಾರ, ಮೊದಲ ಟಿಕೇಟ್ ತಗೋರಿ, ಆಮ್ಯಾಲ ಯುದ್ಧ ಮಾಡ್ರಿ," ಎಂದ. ಕಾಕು ಅವನಿಗೆ ಕೈಯೆತ್ತಿ ಕೇಳಬೇಕೆಂದು ಹೇಳಿದಳು.

ಕೈಯೆತ್ತುವ ಈ ನಿಯಮ ಆಯಿಗೂ ತಪ್ಪಿರಲಿಲ್ಲ. ಪಡಸಾಲೆಯಲ್ಲಿ ಮಲಗಿದ ಆಯಿಯ ಕಿವಿಗೆ ಪಾಠವೆಲ್ಲ ಬೀಳುತ್ತಿತ್ತು. ಒಂದು ದಿನ ಕಾಕು, "ಗೋದಾವರಿ ಎಲ್ಲಿ ಹುಟ್ತದ?" ಎಂದು ಕೇಳಿದಳು. ಮಹಾನಂದಾ ಬಾಯಿ ತೆರೆಯುವಷ್ಟರಲ್ಲಿ ಹೊರಸಿನ ಮೇಲಿಂದ, "ತ್ರಿಂಬಕದಾಗ. ನಾ ಹೋಗಿ ಮಿಂದು ಬಂದೀನಿ," ಎಂದು ಉತ್ತರ ಬಂತು. "ಹಿಂದ ಕುಂತವರು ಕೈ ಎತ್ತಿ ಹೇಳ್ರಿ," ಎಂದಳು ಕಾಕು ತಿರುಗಿಯೂ ನೋಡದೆ. ಆಯಿ ಆ ಮಧ್ಯಾಹ್ನವಿಡೀ ಮುಖ ಗೋಡೆಗೆ ತಿರುಗಿಸಿ ಮಲಗಿದ್ದಳು. ಮರುದಿನ ಗಂಟೆ ಸ್ವಲ್ಪ ತಡವಾದಾಗ, "ಇವತ್ತ ಯಾಕ ಇನ್ನಾ ಹತ್ತಿಲ್ಲ ನಿನ್ನ ಸಾಲಿ?" ಎಂದು ಗೊಣಗಿದವಳೂ ಅವಳೇ.

ಇದನ್ನೆಲ್ಲ ಊರು ಆಡಿಕೊಂಡು ನಗುತ್ತಿತ್ತು, ನಾನೂ ನಗುತ್ತಿದ್ದೆ. ನಗೆಯ ಕೆಳಗೆ ಏನಿತ್ತು ಎಂಬುದು ಸ್ವಲ್ಪವಾದರೂ ತಿಳಿದದ್ದು ಚಿಟಗುಪ್ಪದ ಬೀಗರು ಬಂದ ದಿನ. ಬೀಗರೆಂದರೆ ಇನ್ನೂ ಆಗಿರಲಿಲ್ಲ, ಆಗುವ ಅವಸರದಲ್ಲಿದ್ದರು. ಆಯಿ ಯಾರ ಕೈಯಲ್ಲೋ ಹೇಳಿ ಕಳಿಸಿದ್ದಳಂತೆ. ಹುಡುಗನ ತಾಯಿ, ಹುಡುಗನ ಕಾಕಾ ಹೊಸ ಬಟ್ಟೆ ಉಟ್ಟು ಹೆಣ್ಣು ನೋಡಲು ಬಂದರು. ಮಹಾನಂದಾಳಿಗೆ ಆಗ ಹದಿನಾಲ್ಕು. ಅದರ ಬಗ್ಗೆ ಮನೆಯಲ್ಲಿ ಯಾರಿಗೂ ಏನೂ ಅನ್ನಿಸಿರಲಿಲ್ಲ. ಆ ಕಾಲದಲ್ಲಿ ಶಾಲೆ ಬಿಟ್ಟ ಹುಡುಗಿ ಎಂದರೆ ಮದುವೆಗೆ ಬಂದ ಹುಡುಗಿ ಎಂದೇ ಲೆಕ್ಕ.

ಕಾಕು ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. ಕೈಯಲ್ಲಿ ಪಾನಾ.

"ಸಾಲಿ ನಡದದ್ರಿ. ನಾಲ್ಕೂವರಿಗಿ ಬಿಡ್ತದ. ಕುಂದರ್ರಿ."

"ಒಂದ್ ನಿಮಿಷ ಹೊರಗ ಕರೀರಲ್ಲ ಹುಡುಗೀನ," ಎಂದಳು ಹುಡುಗನ ತಾಯಿ.

"ಭೂಗೋಳ ನಡದದ. ಈಗ ಬರಾಂಗಿಲ್ಲ."

ಅವರು ಕೂತರು. ಚಹಾ ಕುಡಿದರು. ಭೂಗೋಳ ಮುಗಿಯಿತು, ವಿಜ್ಞಾನ ಶುರುವಾಯಿತು. ಹುಡುಗನ ಕಾಕಾ ಅಲ್ಲೇ ಗೊರಕೆ ಹೊಡೆದ. ಕೊನೆಗೂ ಗಂಟೆಯಾಗಿ, ಎರಡು ಜಡೆ ಹಾಕಿದ, ಬೆರಳ ತುಂಬ ಸೀಮೆಸುಣ್ಣದ ಪುಡಿ ಮೆತ್ತಿದ ಹುಡುಗಿ ಸಮವಸ್ತ್ರದಲ್ಲಿ ಹೊರಗೆ ಬಂದಾಗ, ಆ ತಾಯಿ ಪೆಚ್ಚಾಗಿ, "ಇನ್ನಾ ಸಾಲಿ ಹುಡುಗಿ ಅದಾಳಲ್ರಿ," ಎಂದಳು.

ಆಯಿ ಸೋಲಲಿಲ್ಲ. "ಹತ್ತನೇ ಮುಗೀಲಿ. ಮುಗದ ದಿನಾನೇ ಮಾತಾಡಮು," ಎಂದು ಮಾತು ಕೊಟ್ಟು ಕಳಿಸಿದಳು.

ಅಂದಿನಿಂದ ಕಾಕುವಿನ ಶಾಲೆ ಇನ್ನೂ ಜೋರಾಗಿ ಓಡತೊಡಗಿತು. ಭಾನುವಾರವೂ ಗಂಟೆ! ನನಗೆ ಇದು ಅರ್ಥವಾಗಲಿಲ್ಲ. ಶಾಲೆ ಮುಗಿದ ದಿನ ಮದುವೆ ಮಾತು ಎಂದಾದರೆ, ಬುದ್ಧಿ ಇದ್ದವರು ಶಾಲೆಯನ್ನು ಎಳೆಯಬೇಕೋ ಓಡಿಸಬೇಕೋ? ಅವ್ವನನ್ನು ಕೇಳಿದೆ.

"ಅವರು ಮೂರ ವರ್ಷ ಅದ ಅಂತ ಆರಾಮ ಕುಂತಾರ," ಎಂದಳು ಅವ್ವ. "ನಿಮ್ಮ ಕಾಕು ಎರಡ ವರ್ಷದಾಗ ಮುಗಸ್ತಾಳ. ಅವರು ಬರೂದ್ರಾಗ ಹುಡುಗಿ ಕೆಲಸಕ್ಕ ಕುಂತಿರ್ತದ. ಕೆಲಸಕ್ಕ ಕುಂತ ಹುಡುಗೀನ ಎಬ್ಬಸೂದು ಅಷ್ಟ ಸಸಾರ ಅಲ್ಲ."

ಯಾವ ಕೆಲಸ ಎಂಬುದು ಆ ಮೇ ತಿಂಗಳಲ್ಲಿ ಗೊತ್ತಾಯಿತು. ಆಯಿಯ ಹೊರಸಿನ ಮೇಲೊಂದು ಫ್ಯಾನಿತ್ತು. ಅದಕ್ಕೆ ಏನೂ ಆಗಿರಲಿಲ್ಲ, ಚೆನ್ನಾಗಿ ತಿರುಗುತ್ತಿತ್ತು. ಕಾಕು ವಿಜ್ಞಾನದ ಪ್ರಾಕ್ಟಿಕಲ್ ಎಂದು ಅದನ್ನೇ ಇಳಿಸಿದಳು. ಮಹಾನಂದಾ ಹಳೆಯ ತಂತಿಯನ್ನೆಲ್ಲ ಕತ್ತರಿಸಿ ಕಿತ್ತಳು. ಅಣ್ಣನ ಅಂಗಡಿಯಿಂದ ತರಿಸಿದ ಹೊಸ ತಾಮ್ರದ ತಂತಿಯನ್ನು ಸುತ್ತಿ ಸುರುಳಿ ಮಾಡಿ, ಕಬ್ಬಿಣದ ಸೀಳುಗಳಲ್ಲಿ ಕಾಗದ ಇಟ್ಟು, ಒಂದೊಂದಾಗಿ ಕೂರಿಸಿದಳು. ದಾರದಿಂದ ಬಿಗಿದು ವಾರ್ನಿಶ್ ಹೊಯ್ದಳು. ಕಾಕು ಒಂದು ಬೆರಳೂ ಹಚ್ಚಲಿಲ್ಲ. ವಿದ್ಯಾರ್ಥಿಯ ಪ್ರಾಕ್ಟಿಕಲ್ಲನ್ನು ಹೆಡ್‌ಮಾಸ್ತರ್ ಮಾಡಬಾರದಲ್ಲ! ಕೈ ಹಿಂದೆ ಕಟ್ಟಿಕೊಂಡು ಮಗಳ ಎದುರು ನಿಂತಿದ್ದಳು. ನಾನು ಅವಳ ಬೆನ್ನ ಹಿಂದಿದ್ದೆ. ಬೆನ್ನ ಹಿಂದೆ ಆ ಬೆರಳುಗಳು ಸುಮ್ಮನಿರಲಿಲ್ಲ, ಕಾಣದ ತಂತಿಯನ್ನು ಸುತ್ತುತ್ತಲೇ ಇದ್ದವು.

ಅಷ್ಟು ದಿನ ಬಸವಕಲ್ಯಾಣದ ಬಿಸಿಲಿನಲ್ಲಿ ಬೆಂದ ಆಯಿ, ಫ್ಯಾನು ಮತ್ತೆ ತೂಗಿದ ದಿನ ಎಲ್ಲರಿಗಿಂತ ಮೊದಲು ಬಂದು ಕೆಳಗೆ ಮಲಗಿದಳು. ಗುಂಡಿ ಒತ್ತಿದರು. ಫ್ಯಾನು ಗಿರ್ರನೆ ತಿರುಗಿತು. ಎಲ್ಲರೂ ಭಲೇ ಎಂದರು.

"ಗಾಳಿ ಎಲ್ಲಿ ಅದ?" ಆಯಿ ಕೇಳಿದಳು.

ಎಲ್ಲರೂ ಮೇಲೆ ನೋಡಿದೆವು. ಎರಡು ತಂತಿ ಅದಲುಬದಲಾಗಿ ಫ್ಯಾನು ಉಲ್ಟಾ ತಿರುಗುತ್ತಿತ್ತು. ಗಾಳಿಯೆಲ್ಲ ಮಾಳಿಗೆಯ ಕಡೆ ಹೋಗಿ, ತೊಲೆಯ ಸಂದಿನ ಧೂಳು ಆಯಿಯ ಮೇಲೆ ಉದುರುತ್ತಿತ್ತು. ಕಾಕು ಅಲ್ಲೇ ತೀರ್ಪು ಕೊಟ್ಟಳು: "ವಿಜ್ಞಾನ, ನಾಪಾಸ್." ಮಹಾನಂದಾ ಒಂದು ಗಳಿಗೆಯಲ್ಲಿ ಸರಿಮಾಡುತ್ತೇನೆಂದು ಸ್ಟೂಲು ಹತ್ತಿದಳು. ಆಯಿ ಬಿಡಲಿಲ್ಲ. "ಮತ್ತ ಬಿಚ್ಚಬ್ಯಾಡ್ರಿ ನಮ್ಮವ್ವ, ನಿಮಗ ಕೈ ಮುಗೀತೀನಿ," ಎಂದಳು. ಅಲ್ಲಿಂದ ಮುಂದೆ ಆಯಿ ತಿರುಗುವ ಫ್ಯಾನಿನ ಕೆಳಗೆ ಮಲಗಿ ಬೀಸಣಿಕೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಬಂದವರು ಕೇಳಿದರೆ ಕೋಣೆಯ ಕಡೆ ಕೈ ತೋರಿಸುತ್ತಿದ್ದಳು.

ಹದಿನೈದು ತುಂಬಿದ್ದೇ ತಡ, ಮಹಾನಂದಾ ಹೊರಗಿನ ಅಭ್ಯರ್ಥಿಯಾಗಿ ಹತ್ತನೇ ಪರೀಕ್ಷೆಗೆ ಕೂತಳು. "ಸಾಲಿಗಿ ಬ್ಯಾಡ ಅಂದಿದ್ರಿ ಅತ್ತಿ, ಪರೀಕ್ಷಾಕ್ಕ ಬ್ಯಾಡ ಅಂದಿಲ್ಲ," ಎಂದಳು ಕಾಕು. ಅವಳು ಹತ್ತನೇ ಬರೆಯುವಾಗ ನಾನು ಒಂಬತ್ತನೇ ಬರೆಯುತ್ತಿದ್ದೆ. ಓಣಿಯವರು ಕಾರಣ ಕೇಳಿದರೆ, ನಮ್ಮ ಶಾಲೆಗೆ ರಜೆ ಜಾಸ್ತಿ ಎಂದು ಹೇಳಿ ತಪ್ಪಿಸಿಕೊಂಡೆ. ಅವಳು ಪಾಸಾದಳು. ಸುಮ್ಮನೆ ಪಾಸಲ್ಲ, ವಿಜ್ಞಾನದಲ್ಲಂತೂ ಭರ್ಜರಿ ಅಂಕ. ಉಲ್ಟಾ ಫ್ಯಾನಿನ ಸಂಗತಿ ಪರೀಕ್ಷಾ ಮಂಡಳಿಗೆ ತಿಳಿದಿರಲಿಲ್ಲ.

ಫಲಿತಾಂಶ ಬಂದ ದಿನವೇ ಕಾಕು ಹೊರಸಿನ ಮುಂದೆ ನಿಂತು ಹೇಳಿದಳು: "ಸಾಲಿ ಮುಗೀತ್ರಿ. ಬರೂ ಸೋಮವಾರದಿಂದ ಅಕಿ ಹುಮನಾಬಾದಕ್ಕ ಅವರ ಮಾಮಾನ ಅಂಗಡಿಗಿ ಹೋಗ್ತಾಳ. ವೈಂಡಿಂಗ್ ಕಲೀಲಿಕ್ಕ. ಮುಂಜಾನಿ ಬಸ್ಸಿಗಿ ಹೋಗಿ ಸಂಜಿ ಬಸ್ಸಿಗಿ ಬರ್ತಾಳ."

ಆಗ ನಡೆದದ್ದು ನೋಡಬೇಕಿತ್ತು. ಹೈಸ್ಕೂಲು ಬೇಡ ಎಂದು ತಲೆಯಾಡಿಸಿದ್ದ ನಮ್ಮ ಅಪ್ಪನಿಗೆ ಇದ್ದಕ್ಕಿದ್ದಂತೆ ವಿದ್ಯೆಯ ಮೇಲೆ ಭಕ್ತಿ ಉಕ್ಕಿತು. "ಇಷ್ಟ ಛಲೋ ಮಾರ್ಕ್ಸ್ ಬಂದಾವ. ಕಾಲೇಜಿಗಿ ಹಚ್ಚಮು. ಗ್ರೀಸ್ ಹಚ್ಕೊಂಡು ಕುಂದ್ರೂದು ನಮ್ಮ ಮನಿತನಕ್ಕ ಶೋಭಸ್ತದೇನು?" ಎಂದ. ಮನೆತನ ಎಂಬುದು ಎಂತಹ ಅನುಕೂಲದ ವಸ್ತು ನೋಡಿ! ಎರಡು ವರ್ಷದ ಹಿಂದೆ ಅದು ಹೈಸ್ಕೂಲಿನ ಬಾಗಿಲಿಗೆ ಹೋದರೆ ಮುರಿಯುತ್ತಿತ್ತು, ಈಗ ಕಾಲೇಜಿನ ತನಕ ಉದ್ದವಾಗಿತ್ತು.

ಮಹಾನಂದಾ ಅಂದು ಮೊದಲ ಸಲ ನಮ್ಮ ಅಪ್ಪನ ಎದುರು ಮಾತಾಡಿದಳು. "ಕಾಲೇಜಿನಾಗ ಮೋಟಾರಿನ ಚಿತ್ರ ತೆಗಸ್ತಾರ್ರಿ ದೊಡ್ಡಪ್ಪ. ನಂಗ ಮೋಟಾರ್ ಬೇಕು."

ಅಪ್ಪ ಆಯಿಯ ಮುಖ ನೋಡಿದ. ಕಾಕಾ ಆಯಿಯ ಮುಖ ನೋಡಿದ. ಆಯಿ ಉಲ್ಟಾ ಫ್ಯಾನು ನೋಡುತ್ತಾ ಬೀಸಣಿಕೆ ಆಡಿಸಿದಳು. ವಾರವಿಡೀ ಅದೇ. ಚಿಟಗುಪ್ಪದವರಿಗೆ ಹೇಳಿ ಕಳಿಸುತ್ತಾಳೋ, ಬಾಗಿಲಿಗೆ ಅಡ್ಡ ಮಲಗುತ್ತಾಳೋ ಯಾರಿಗೂ ತಿಳಿಯದು. ಕಾಕು ಮಾತ್ರ ಯುದ್ಧಕ್ಕೆ ಸಿದ್ಧಳಾಗಿದ್ದಳು. ಆಯಿ ಹೀಗೆಂದರೆ ಹೀಗೆ, ಹಾಗೆಂದರೆ ಹಾಗೆ ಎಂದು ಅಡುಗೆಮನೆಯಲ್ಲಿ ಅವ್ವನ ಎದುರು ಉತ್ತರಗಳನ್ನು ಬಾಯಿಪಾಠ ಮಾಡುತ್ತಿದ್ದಳು.

ಸೋಮವಾರ ಬಂತು. ಮಹಾನಂದಾ ರೊಟ್ಟಿಯ ಡಬ್ಬಿ ಹಿಡಿದು ಪಡಸಾಲೆಗೆ ಬಂದಳು. ನಾವೆಲ್ಲ ಆಯಿಯನ್ನೇ ನೋಡುತ್ತಿದ್ದೆವು. ಆಯಿ ಮಿಸುಕಲಿಲ್ಲ. ಬಾಗಿಲು ತೆರೆದೇ ಇತ್ತು, ಯಾರೂ ಅಡ್ಡ ಇರಲಿಲ್ಲ. ಕಾಕು ಮಗಳನ್ನು ಹೊಸ್ತಿಲ ತನಕ ಕರೆದುಕೊಂಡು ಹೋದಳು. ಅವಳ ಜಡೆ ಸರಿಮಾಡಿದಳು. ಮತ್ತೊಮ್ಮೆ ಸರಿಮಾಡಿದಳು. ಡಬ್ಬಿಯ ಮುಚ್ಚಳ ತೆಗೆದು ನೋಡಿ ಮುಚ್ಚಿದಳು. ಆಮೇಲೆ ಮಗಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಎಂದೂ ಕೇಳದ ಸಣ್ಣ ದನಿಯಲ್ಲಿ ಅಂದಳು:

"ಇವತ್ತ ಬ್ಯಾಡ. ಇವತ್ತ ರಜಾ."

ರಜೆ! ದಸರೆಗೆ ಕೊಡದ, ಮೇ ತಿಂಗಳಿಗೆ ಕೊಡದ, ಮದುವೆಯ ಬಸ್ಸಿನಲ್ಲೂ ಕೊಡದ ರಜೆ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಇಡೀ ಮನೆಯ ವಿರುದ್ಧ ಎರಡು ವರ್ಷ ನಿಂತವಳು ಈಗ ತಾನೇ ಮಗಳಿಗೆ ಅಡ್ಡ ನಿಂತಿದ್ದಳು.

"ಅವ್ವ, ಬಸ್ ಹೋಗ್ತದ," ಎಂದಳು ಮಹಾನಂದಾ.

"ನಾಳಿ ಹೋಗಿಯಂತ. ಹೆಡ್‌ಮಾಸ್ತರ್ ಹೇಳಾಕತ್ತೀನಿ. ರಜಾ."

ಮಹಾನಂದಾಳ ಮುಖ ಸಪ್ಪಗಾಯಿತು. ನಾಳೆ ಎಂಬುದು ನಮ್ಮಂತಹ ಮನೆಗಳಲ್ಲಿ ಏನೆಂದು ಅವಳಿಗೆ ಗೊತ್ತಿತ್ತು, ಕಾಕುವಿಗೂ ಗೊತ್ತಿತ್ತು. ಆದರೂ ಆ ಕೈ ತೋಳು ಬಿಡಲಿಲ್ಲ.

ಆಗ ಢಣಢಣ ಸದ್ದಾಯಿತು. ಎಲ್ಲರೂ ತಿರುಗಿ ನೋಡಿದೆವು. ಯಾರೂ ಮುಟ್ಟಬಾರದ ಗಂಟೆಯ ಮುಂದೆ ಆಯಿ ನಿಂತಿದ್ದಳು. ಒಂದು ಕೈಯಿಂದ ಸೊಂಟ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಪಾನಾ ಎತ್ತಿ, ಇದ್ದ ಬಲವನ್ನೆಲ್ಲ ಹಾಕಿ ಬಾರಿಸುತ್ತಿದ್ದಳು. ಈ ಸಲ ಕಿವಿ ಮುಚ್ಚಿಕೊಂಡಿರಲಿಲ್ಲ.

"ಹೊತ್ತಾತು, ಹೋಗವ್ವ," ಎಂದಳು ಮೊಮ್ಮಗಳಿಗೆ. "ಛಲೋತ್ನಾಗ ಕಲತು ಬಾ. ಬಂದು ಮೊದಲ ನನ್ನ ಫ್ಯಾನ್ ಸೀದಾ ಮಾಡು."

ಕಾಕುವಿನ ಕೈ ಸಡಿಲವಾಯಿತು. ಮಹಾನಂದಾ ಹೊಸ್ತಿಲು ದಾಟಿ, ಓಣಿಯಲ್ಲಿ ಓಡಿದಳು. ಆ ದಿನ ಓಡಿದ್ದಕ್ಕೆ ಮೊದಲನೇ ಬಹುಮಾನ ಕೊಡಬಹುದಿತ್ತು. ಕಾಕು ಓಣಿಯ ತಿರುವನ್ನೇ ನೋಡುತ್ತಾ ನಿಂತಳು. ಮಗಳು ಕಾಣದಾದ ಮೇಲೂ ನಿಂತೇ ಇದ್ದಳು. ಬಾಯಿಪಾಠ ಮಾಡಿದ್ದ ಉತ್ತರಗಳೆಲ್ಲ ಯಾರೂ ಕೇಳದೆ ಉಳಿದು, ಈಗ ಕಣ್ಣೀರಾಗಿ ಇಳಿಯುತ್ತಿದ್ದವು.

ಆಯಿ ಪಾನಾವನ್ನು ಅದರ ಜಾಗದಲ್ಲಿಟ್ಟು, ನಿಧಾನವಾಗಿ ಬಂದು ಸೊಸೆಯ ಬೆನ್ನ ಮೇಲೆ ಕೈಯಿಟ್ಟಳು. ಅವಳನ್ನು ಕರೆದುಕೊಂಡು ಹೋಗಿ ತನ್ನ ಹೊರಸಿನ ಮೇಲೆ ಕೂರಿಸಿಕೊಂಡು ಬೀಸಣಿಕೆಯಿಂದ ಗಾಳಿ ಹಾಕತೊಡಗಿದಳು.

"ಸಾಲಿ ಸಂಜಿಗಿ ಬಿಡ್ತದ," ಎಂದಳು. "ಕುಂದ್ರು."